ಬೆಡ್‌ರೂಮ್ ಸಾಮಾನಿನ ವ್ಯಾಪಾರದಲ್ಲಿ ಸರಿ ಯಾವ್ದು ತಪ್ಪು ಯಾವ್ದು: ಪದೇ ಪದೇ ಕೇಳೋ ಪ್ರಶ್ನೆಗಳು

ವೈಬ್ರೇಟರ್, ಮಸಾಜರ್, ಜೆಲ್, ಎಣ್ಣೆ, ಡಾಲ್, ಚಾಟ್ ಆಪ್, ಹೀಗೆ ಸೆಕ್ಸ್‌ಗೋಸ್ಕರ ಅಂತಲೇ ಮಾರೋ ಸಾಮಾನಿನ ಬಗ್ಗೆ ಜನ ಕೇಳೋ ಪ್ರಶ್ನೆಗಳನ್ನ ಒಂದ್ಕಡೆ ಹಾಕಿದೀನಿ. ಹೇಗೆ ಬಳಸೋದು, ಯಾವ ಬ್ರ್ಯಾಂಡ್ ಚೆನ್ನಾಗಿದೆ ಅನ್ನೋದೆಲ್ಲ ಇಲ್ಲಿಲ್ಲ. ಮಾರೋರು ನಮ್ಮ ಹತ್ರ ಹೇಗೆ ನಡ್ಕೊಳ್ತಿದಾರೆ, ತಗೊಂಡೋರು ಇನ್ನೊಬ್ರ ಹತ್ರ ಹೇಗೆ ನಡ್ಕೋಬೇಕು, ಅಷ್ಟೇ ವಿಷಯ. 18 ದಾಟಿದೋರು ಓದಿ.

ಪ್ರ: ಇದನ್ನೆಲ್ಲ ಬಹಿರಂಗವಾಗಿ ಚರ್ಚೆ ಮಾಡೋದೇ ಅಸಹ್ಯ ಅಲ್ವಾ?

ಅಸಹ್ಯ ಅನ್ಸಿದ್ರೆ ಅನ್ಸಲಿ, ನಾನೇನು ನಿಮ್ಮ ನಾಚಿಕೆ ಬಿಡಿಸೋಕೆ ಬಂದಿಲ್ಲ. ಆದ್ರೆ ಒಂದು ನೋಡಿ, ಮಿಕ್ಸಿ ಕೆಟ್ರೆ ನಾವು ಬಿಲ್ ಹಿಡ್ಕೊಂಡು ಅಂಗಡಿ ಮುಂದೆ ನಿಂತು ಜಗಳ ಆಡ್ತೀವಿ, ಅದೇ ಈ ಸಾಮಾನು ಕೆಟ್ರೆ, ಅಥವಾ ಮೈಗೆ ಆಗದೆ ಉರಿ ಬಂದ್ರೆ, ಮೂರು ಕವರ್‌ನಲ್ಲಿ ಸುತ್ತಿ ರಾತ್ರಿ ಹೊತ್ತು ಎಸೆದು ಬಂದು ಸುಮ್ನೆ ಮಲಗ್ತೀವಿ. ಇದು ಮಾರೋನಿಗೆ ಗೊತ್ತು. ಕಂಪ್ಲೇಂಟ್ ಮಾಡದೇ ಇರೋ ಗಿರಾಕಿ ಸಿಕ್ಕಿದ ಮೇಲೆ ಅವನು ಯಾಕೆ ಒಳ್ಳೇ ಮಾಲು ಕೊಡ್ತಾನೆ ಹೇಳಿ. ನನ್ನ ತಕರಾರು ಇರೋದು ಸುಖದ ಮೇಲಲ್ಲ, ನಮ್ಮ ಬಾಯಿ ಮುಚ್ಚಿರೋದನ್ನೇ ಬಂಡವಾಳ ಮಾಡ್ಕೊಂಡ ವ್ಯಾಪಾರದ ಮೇಲೆ.

ಪ್ರ: ಇಂಡಿಯಾದಲ್ಲಿ ಸೆಕ್ಸ್ ಟಾಯ್ ಲೀಗಲ್ಲಾ ಇಲ್ಲೀಗಲ್ಲಾ? ಒಬ್ಬೊಬ್ರು ಒಂದೊಂದು ಹೇಳ್ತಾರೆ.

ಒಬ್ಬೊಬ್ರು ಒಂದೊಂದು ಹೇಳೋದಕ್ಕೆ ಕಾರಣ ಇದೆ. 'ಸೆಕ್ಸ್ ಟಾಯ್ ಬ್ಯಾನ್' ಅಂತ ಹೆಸರು ಹಿಡಿದು ಹೇಳೋ ಕಾನೂನು ಇಲ್ಲ. ಇರೋದು ಅಶ್ಲೀಲತೆ ಕಾನೂನು, ಮೊದಲು ಐಪಿಸಿ 292, ಈಗ ಭಾರತೀಯ ನ್ಯಾಯ ಸಂಹಿತೆ 294. ಅದರಲ್ಲಿ ಪುಸ್ತಕ, ಚಿತ್ರದ ಜೊತೆಗೆ ಆಕೃತಿ, 'ಬೇರೆ ಯಾವುದೇ ವಸ್ತು' ಅಂತಲೂ ಇದೆ, ಅಂಥದ್ದನ್ನ ಮಾರಿದ್ರೆ ಮೊದಲ ಸಲಕ್ಕೆ 2 ವರ್ಷದವರೆಗೆ ಜೈಲು, 5,000 ರೂಪಾಯಿವರೆಗೆ ದಂಡ. ಅಶ್ಲೀಲ ಅಂದ್ರೆ ಏನು ಅನ್ನೋದಕ್ಕೆ ನಮ್ಮ ಕೋರ್ಟುಗಳು ತುಂಬಾ ಕಾಲ 1868ರ ಇಂಗ್ಲೆಂಡಿನ ಹಿಕ್ಲಿನ್ ಕೇಸಿನ ಅಳತೆಗೋಲನ್ನೇ ಹಿಡ್ಕೊಂಡಿದ್ವು, 2014ರಲ್ಲಿ ಅವೀಕ್ ಸರ್ಕಾರ್ ಕೇಸಲ್ಲಿ ಸುಪ್ರೀಂ ಕೋರ್ಟ್ ಅದನ್ನ ಬಿಟ್ಟು, ಇವತ್ತಿನ ಸಮಾಜ ಏನು ಒಪ್ಪುತ್ತೆ ಅಂತ ನೋಡ್ಬೇಕು ಅಂತು.

ಹೊರದೇಶದಿಂದ ತರಿಸೋದಕ್ಕೆ ಇನ್ನೊಂದು ಅಡ್ಡಿ, 1964ರ ಜನವರಿಯ ಒಂದು ಕಸ್ಟಮ್ಸ್ ನೋಟಿಫಿಕೇಶನ್, ಅಶ್ಲೀಲ ವಸ್ತು ಒಳಗೆ ಬರಬಾರ್ದು ಅಂತ. ಇದನ್ನೇ ಹಿಡ್ಕೊಂಡು ಕಸ್ಟಮ್ಸ್‌ನೋರು ಒಂದು ಕಂಪನಿ ತರಿಸಿದ್ದ ಬಾಡಿ ಮಸಾಜರ್‌ಗಳನ್ನ, ಇವನ್ನ ಸೆಕ್ಸ್ ಟಾಯ್ ತರ ಬಳಸಬಹುದು ಅಂತ ಮುಟ್ಟುಗೋಲು ಹಾಕ್ಕೊಂಡಿದ್ರು. 2023ರಲ್ಲಿ ಟ್ರಿಬ್ಯುನಲ್ ಅದನ್ನ ರದ್ದು ಮಾಡ್ತು, 2024ರ ಮಾರ್ಚ್‌ನಲ್ಲಿ ಬಾಂಬೆ ಹೈಕೋರ್ಟ್ ಟ್ರಿಬ್ಯುನಲ್ ಹೇಳಿದ್ದೇ ಸರಿ ಅಂತು, ದೇಶದೊಳಗೆ ರಾಜಾರೋಷವಾಗಿ ಮಾರೋ ಸಾಮಾನು ಇದು, ಅಶ್ಲೀಲ ಅನ್ನೋದು ಅಧಿಕಾರಿಯ ಕಲ್ಪನೆ ಅಷ್ಟೇ ಅಂತ.

ಸರಿ, ಗೆದ್ದಿದ್ದು ಯಾರು? 'ಮಸಾಜರ್' ಅನ್ನೋ ಲೇಬಲ್. ಅದರ ಮೇಲೆ 'ಕುತ್ತಿಗೆ ನೋವಿಗೆ, ಬೆನ್ನು ನೋವಿಗೆ' ಅಂತ ಬರೆದು ಮಾರ್ತಾರೆ. ಕುತ್ತಿಗೆಗೆ ಅಂತ ಮಾರಿದ ಮೇಲೆ ಒಳಗೆ ಬಳಸಿದ್ರೆ ಸೇಫಾ ಅಂತ ಯಾರೂ ಬರೆಯಲ್ಲ, ಕ್ಲೀನ್ ಹೇಗೆ ಮಾಡೋದು ಅಂತ ಬರೆಯಲ್ಲ, ಹೆಚ್ಚುಕಮ್ಮಿ ಆದ್ರೆ 'ನಾವು ಅದಕ್ಕೆ ಅಂತ ಕೊಟ್ಟಿಲ್ವಲ್ಲ ಸಾರ್' ಅಂತಾರೆ. ಕಾನೂನು ಮಸುಕಾಗಿದ್ರೆ ಸುಳ್ಳು ಹೇಳೋ ವ್ಯಾಪಾರಿಗೆ ಲಾಭ, ನಿಜ ಬರೆಯೋ ವ್ಯಾಪಾರಿಗೆ ಕೇಸು.

ಪ್ರ: ನಮ್ಮಲ್ಲಿ ಖಜುರಾಹೊ ಇದೆ, ಶಿಲಾಬಾಲಿಕೆಯರು ಇದಾರೆ, ಇದಕ್ಕೆಲ್ಲ ಯಾಕೆ ಇಷ್ಟು ಮಡಿವಂತಿಕೆ?

ಈ ವಾದ ಕೇಳಿ ಕೇಳಿ ಸಾಕಾಗಿದೆ. ದೇವಸ್ಥಾನದ ಗೋಡೆ ಮೇಲೆ ಶಿಲ್ಪ ಇದ್ರೆ ಪ್ಲಾಸ್ಟಿಕ್ಕಲ್ಲಿ ವಿಷ ಇಲ್ಲ ಅಂತಾಗಲ್ಲ.

ಪ್ರ: ಪ್ಲಾಸ್ಟಿಕ್ಕಲ್ಲಿ ವಿಷನಾ? ಹೆದರಿಸ್ತಿದೀರಾ?

ಸ್ವಲ್ಪ ಹೆದರಿಕೆ ಇರ್ಲಿ. ಅಗ್ಗದ ಮೆತ್ತನೆ 'ಜೆಲ್ಲಿ' ಮಾಲುಗಳಲ್ಲಿ ಬಹಳಷ್ಟು ಪಿವಿಸಿ, ಅದನ್ನ ಮೆದು ಮಾಡೋಕೆ ಥ್ಯಾಲೇಟ್ ಅನ್ನೋ ಕೆಮಿಕಲ್ ಬೆರೆಸ್ತಾರೆ. ಕೆಲವು ಥ್ಯಾಲೇಟ್‌ಗಳು ಹಾರ್ಮೋನ್ ಏರುಪೇರು ಮಾಡ್ತವೆ ಅಂತಲೇ ಮಕ್ಕಳ ಆಟಿಕೆಗಳಲ್ಲಿ ಯುರೋಪ್ ಅದಕ್ಕೆ ಶೇ 0.1ರ ಮಿತಿ ಹಾಕಿರೋದು. ನಮ್ಮಲ್ಲೂ 2021ರ ಜನವರಿಯಿಂದ ಮಕ್ಕಳ ಆಟದ ಸಾಮಾನಿಗೆ ಐಎಸ್‌ಐ ಮಾರ್ಕ್ ಕಡ್ಡಾಯ. ಅಂದ್ರೆ ಮಗು ಕೈಯಲ್ಲಿ ಹಿಡಿಯೋ ಗಿಲಕಿಗೆ ಟೆಸ್ಟ್ ಇದೆ, ದೊಡ್ಡೋರು ಮೈಯೊಳಗೆ ಬಳಸೋದಕ್ಕೆ ಅಂಥದ್ದೊಂದು ಕಡ್ಡಾಯದ ಮಾರ್ಕ್ ಇಲ್ಲ. ಅಂತರರಾಷ್ಟ್ರೀಯ ಮಾನದಂಡ ಒಂದಿದೆ, ಐಎಸ್‌ಒ 3533, ಬಂದಿದ್ದೇ 2021ರಲ್ಲಿ, ಅದೂ ಪಾಲಿಸೋದು ಬಿಡೋದು ಕಂಪನಿ ಇಷ್ಟ. ಹೊರದೇಶದ ಪ್ಯಾಕೆಟ್‌ಗಳ ಮೇಲೆ ಸಣ್ಣಕ್ಷರದಲ್ಲಿ 'ಬರೀ ತಮಾಷೆಗೆ' ಅನ್ನೋ ಅರ್ಥದ ಸಾಲು ಇರ್ತಿತ್ತು, ಈಗಲೂ ಇದೆ, ಅದು ಜವಾಬ್ದಾರಿಯಿಂದ ಜಾರ್ಕೊಳ್ಳೋ ದಾರಿ. ಮೆಡಿಕಲ್ ಗ್ರೇಡ್ ಸಿಲಿಕೋನ್, ಸ್ಟೀಲ್, ಗಟ್ಟಿ ಎಬಿಎಸ್ ಪ್ಲಾಸ್ಟಿಕ್, ಇವುಗಳಲ್ಲಿ ಸಣ್ಣ ಸಣ್ಣ ರಂಧ್ರ ಇರಲ್ಲ, ತೊಳೆದ್ರೆ ಕ್ಲೀನ್ ಆಗ್ತವೆ. ಘಾಟು ಪ್ಲಾಸ್ಟಿಕ್ ವಾಸನೆ, ಅಂಟಂಟು ಮೈ, ತಯಾರಿಸಿದೋರ ಹೆಸರೇ ಇಲ್ಲ ಅಂದ್ರೆ ವಾಪಸ್ ಇಡಿ.

ಪ್ರ: ಏನ್ರಿ, ಊರ ಗ್ವಾಡಿ ತುಂಬ 'ಗುಪ್ತರೋಗ, ಶೀಘ್ರಸ್ಖಲನ, ಒಂದ ವಾರದಾಗ ಗ್ಯಾರಂಟಿ' ಅಂತ ಬರದಿರ್ತಾರಲ್ಲ, ಅವು ಆಯುರ್ವೇದ ಅದಾವು, ಸೈಡ್ ಎಫೆಕ್ಟ್ ಇಲ್ಲ ಅಂತಾರ. ಅವೂ ಇದರಾಗ ಬರ್ತಾವೇನ್ರಿ?

ಬರ್ತಾವ್ರೀ, ಹೇಳ್ಬೇಕಂದ್ರೆ ನಮ್ಮ ಕಡೆ ಅತಿ ದೊಡ್ಡ ಮೋಸ ನಡೆಯೋದೇ ಅಲ್ಲಿ. ವೈಬ್ರೇಟರ್ ತಗೊಳ್ಳೋರು ಎಷ್ಟು ಜನ ಇದಾರೋ, ಬಸ್‌ಸ್ಟ್ಯಾಂಡ್ ಹಿಂದಿನ ಲಾಡ್ಜಲ್ಲಿ ಕೂತ ಡಾಕ್ಟ್ರಲ್ಲದ ಡಾಕ್ಟ್ರ ಹತ್ರ ಎಣ್ಣೆ ಗುಳಿಗೆ ತಗೊಂಡು ದುಡ್ಡು ಕಳ್ಕೊಂಡೋರು ಪ್ರತಿ ತಾಲ್ಲೂಕಲ್ಲೂ ಇದಾರೆ. ಮದುವೆ ಗೊತ್ತಾದ ಹುಡುಗ ಹೆದರ್ಕೊಂಡು ಹೋಗ್ತಾನೆ, ಹಸ್ತಮೈಥುನದಿಂದ ನರ ಸತ್ತೋಗಿದೆ ಅಂತ ಅವನ ತಲೆ ಕೆಡಿಸ್ತಾರೆ (ಹಾಗೆಲ್ಲ ಸಾಯಲ್ಲ), ಆಮೇಲೆ ಸಾವಿರಾರು ರೂಪಾಯಿ ಕೋರ್ಸು.

ಇದಕ್ಕೆ ಕಾನೂನು ಇಲ್ಲ ಅನ್ಕೋಬೇಡಿ. 1954ರ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಆಕ್ಟ್‌ನ 3ನೇ ಸೆಕ್ಷನ್ ಪ್ರಕಾರ ಲೈಂಗಿಕ ಸುಖದ ಶಕ್ತಿ ಜಾಸ್ತಿ ಮಾಡ್ತೀವಿ ಅಂತ ಔಷಧಿಗೆ ಜಾಹೀರಾತು ಕೊಡೋದೇ ಅಪರಾಧ. ಎಪ್ಪತ್ತು ವರ್ಷದ ಹಳೇ ಕಾನೂನು, ಗೋಡೆ ಬರಹ ಮಾತ್ರ ಹಾಗೇ ಇದೆ. ಇನ್ನು 'ಹರ್ಬಲ್' ಅಂತ ಕೊಡೋ ಮಾತ್ರೆಗಳ ಒಳಗೆ ಹೇಳದೆ ಸಿಲ್ಡೆನಾಫಿಲ್ ಬೆರೆಸಿರೋದನ್ನ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮತ್ತೆ ಮತ್ತೆ ಹಿಡಿದಿದೆ. ಸಿಲ್ಡೆನಾಫಿಲ್ ಅಂದ್ರೆ ವಯಾಗ್ರದಲ್ಲಿರೋ ಔಷಧಿ, ನಮ್ಮಲ್ಲಿ ಡಾಕ್ಟರ್ ಚೀಟಿ ಇಲ್ದೆ ಮಾರಬಾರ್ದು. ಹಾರ್ಟ್‌ಗೆ ಅಂತ ನೈಟ್ರೇಟ್ ಮಾತ್ರೆ, ನಾಲಿಗೆ ಕೆಳಗೆ ಇಟ್ಕೊಳ್ಳೋದು, ಅದನ್ನ ತಗೊಳ್ಳೋರು ಇದನ್ನ ಗೊತ್ತಿಲ್ದೆ ನುಂಗಿದ್ರೆ ಬಿಪಿ ದಢಕ್ಕನೆ ಇಳಿದು ಜೀವಕ್ಕೇ ಬರುತ್ತೆ. ಐವತ್ತು ದಾಟಿದ ಅಪ್ಪಂದಿರು, ಮಾವಂದಿರು ಯಾರಿಗೂ ಹೇಳದೆ ತಗೊಳ್ಳೋದು ಇದನ್ನೇ, ಎಮರ್ಜೆನ್ಸಿಗೆ ಹೋದಾಗ ಡಾಕ್ಟ್ರಿಗೂ ಹೇಳಲ್ಲ. ಅಲ್ಲಾದ್ರೂ ಹೇಳಿ ದಯವಿಟ್ಟು.

ಪ್ರ: ಅಕ್ಕ, ಹೆಂಗಸರಿಗೆ ಅಂತ ಟೈಟ್ ಮಾಡೋ ಜೆಲ್, ಬೆಳ್ಳಗೆ ಮಾಡೋ ವಾಶ್ ಬರ್ತವಲ್ಲ, ಅವು?

2012ರಲ್ಲಿ ಅಂಥ ಒಂದು ವಾಶ್, ಒಂದು ಜೆಲ್ ಎರಡಕ್ಕೂ ನಮ್ಮ ದೇಶದಲ್ಲಿ ಜಾಹೀರಾತು ಬಂದು ದೊಡ್ಡ ಗಲಾಟೆ ಆಗಿತ್ತು, ಗಂಡ ಮುಖ ತಿರುಗಿಸ್ಕೊಂಡಿದಾನೆ, ವಾಶ್ ಬಳಸಿದ್ಲು, ನಗ್ತಾನೆ. ಇದು ಸುಖ ಮಾರೋದಲ್ಲಮ್ಮ, ಮೊದಲು ನಿನ್ನ ಮೈಲಿ ಏನೋ ಕೊರತೆ ಇದೆ ಅಂತ ನಂಬಿಸಿ ಆಮೇಲೆ ಅದಕ್ಕೆ ಬಾಟಲಿ ಮಾರೋದು. ಯೋನಿ ತನ್ನನ್ನ ತಾನೇ ಕ್ಲೀನ್ ಇಟ್ಕೊಳ್ಳುತ್ತೆ, ಒಳಗೆ ಸೋಪು ಪರ್ಫ್ಯೂಮು ಹಾಕಿದ್ರೆ ಅಲ್ಲಿರೋ ಒಳ್ಳೇ ಬ್ಯಾಕ್ಟೀರಿಯಾ ಹಾಳಾಗಿ ಇನ್ಫೆಕ್ಷನ್‌ಗೆ ದಾರಿ. ಡಾಲ್, ವೈಬ್ರೇಟರ್ ಅಂದ್ರೆ ಸಂಸ್ಕೃತಿ ಹಾಳಾಯ್ತು ಅಂತ ಕೂಗೋರು ಈ ಜಾಹೀರಾತು ಬಂದ್ರೆ ಊಟ ಮಾಡ್ತಾ ನೋಡ್ತಾರೆ, ಅದು ನಂಗೆ ಇನ್ನೂ ಸಿಟ್ಟು.

ಪ್ರ: ಮೊಬೈಲ್ ಆಪ್‌ಗೆ ಕನೆಕ್ಟ್ ಆಗೋದು ತಗೋಬಹುದಾ? ನಮ್ಮೆಜಮಾನ್ರು ದುಬೈಲಿದಾರೆ.

ತಗೋಬಾರ್ದು ಅನ್ನಲ್ಲ, ದೂರ ಇರೋ ದಂಪತಿಗೆ ಉಪಯೋಗ ಇದೆ. ಆದ್ರೆ ಏನೇನು ಆಗಿದೆ ಅಂತ ಕೇಳಿ ಆಮೇಲೆ ನಿರ್ಧಾರ ಮಾಡಿ.

2016ರ ಆಗಸ್ಟ್‌ನಲ್ಲಿ ಲಾಸ್ ವೇಗಸ್‌ನ ಡೆಫ್‌ಕಾನ್ ಅನ್ನೋ ಹ್ಯಾಕರ್ ಸಮ್ಮೇಳನದಲ್ಲಿ ನ್ಯೂಜಿಲೆಂಡಿನ ಇಬ್ಬರು ತೋರಿಸಿದ್ರು, ವಿ-ವೈಬ್ ಅನ್ನೋ ಸಾಧನ ಬಳಸ್ತಿರೋವಾಗಲೇ ಅದರ ಟೆಂಪರೇಚರ್ ಎಷ್ಟು, ಯಾವ ಸ್ಪೀಡಲ್ಲಿ ಇಟ್ಟಿದಾರೆ ಅನ್ನೋದೆಲ್ಲ ಕೆನಡಾದ ಕಂಪನಿ ಸರ್ವರ್‌ಗೆ ಹೋಗ್ತಿದೆ ಅಂತ. ಗಿರಾಕಿಗಳಿಗೆ ಗೊತ್ತೇ ಇರ್ಲಿಲ್ಲ. ಕೇಸ್ ಬಿತ್ತು, 2017ರಲ್ಲಿ ಸುಮಾರು 37.5 ಲಕ್ಷ ಅಮೆರಿಕನ್ ಡಾಲರ್‌ಗೆ ರಾಜಿ ಆಯ್ತು. ಕೇಸ್ ಹಾಕಿದ ಹೆಂಗಸು ಕೋರ್ಟ್ ಕಾಗದದಲ್ಲಿ ಬರೀ ಇನಿಷಿಯಲ್ ಹಾಕ್ಸಿದ್ಲು, ಪೂರ್ತಿ ಹೆಸರಿಲ್ಲ. ಅಮೆರಿಕದಲ್ಲೇ ಹೀಗೆ, ಇನ್ನು ದಾವಣಗೆರೆಯಲ್ಲಿ ಯಾರು ಹೆಸರು ಕೊಟ್ಟು ಕೇಸ್ ಹಾಕ್ತಾರೆ?

2017ರಲ್ಲೇ ಲವೆನ್ಸ್ ಅನ್ನೋ ಕಂಪನಿ ಆಪು ಕೋಣೆಯ ಸದ್ದನ್ನ ರೆಕಾರ್ಡ್ ಮಾಡಿ ಫೋನಲ್ಲೇ ಫೈಲ್ ಇಟ್ಕೊಂಡಿರೋದು ಬೆಳಕಿಗೆ ಬಂತು, ಸಣ್ಣ ಬಗ್ ಅಂದ್ರು ಕಂಪನಿಯೋರು. 2020ರದ್ದು ಇನ್ನೂ ವಿಪರೀತ, ಗಂಡಸರ ಅಂಗಕ್ಕೆ ಬೀಗ ಹಾಕೋ ಚೀನಾದ ಒಂದು ಸಾಧನ, ಸೆಲ್‌ಮೇಟ್ ಅಂತ, ಆಪಿಂದಲೇ ತೆಗೀಬೇಕು, ಕೈಯಲ್ಲಿ ತೆಗೆಯೋ ಬೀಗದಕೈ ಇಲ್ಲ. ಅದರ ಸರ್ವರ್ ಎಷ್ಟು ಪೊಳ್ಳಾಗಿತ್ತು ಅಂದ್ರೆ ಯಾರು ಬೇಕಾದ್ರೂ ಎಲ್ಲಿಂದ ಬೇಕಾದ್ರೂ ಎಲ್ಲರದನ್ನೂ ಲಾಕ್ ಮಾಡಬಹುದಿತ್ತು, ಬ್ರಿಟನ್ನಿನ ಸೆಕ್ಯುರಿಟಿ ಸಂಸ್ಥೆಯೊಂದು ಇದನ್ನ ಬಯಲು ಮಾಡಿದ ಮೇಲೆ ಕಳ್ಳರು ನಿಜವಾಗ್ಲೂ ಲಾಕ್ ಮಾಡಿ ಬಿಟ್‌ಕಾಯಿನ್ ಕೇಳಿದ್ರು. ನಗು ಬರುತ್ತೆ, ಸಿಕ್ಕಿಹಾಕ್ಕೊಂಡೋರಿಗೆ ಬರಲ್ಲ.

ನಮ್ಮ ಡೇಟಾ ಕಾನೂನು 2023ರಲ್ಲಿ ಪಾಸಾಗಿದೆ, ರೂಲ್ಸ್ ಬಂದಿದ್ದು 2025ರ ನವೆಂಬರ್‌ನಲ್ಲಿ. 2011ರ ಹಳೇ ಐಟಿ ರೂಲ್ಸಲ್ಲಿ ಲೈಂಗಿಕ ಒಲವು, ಆರೋಗ್ಯದ ಮಾಹಿತಿ ಎಲ್ಲ 'ಸೂಕ್ಷ್ಮ ಮಾಹಿತಿ' ಅಂತ ಬೇರೆ ಪಟ್ಟಿ ಇತ್ತು, ಹೊಸ ಆಕ್ಟಲ್ಲಿ ಆ ಬೇರೆ ಪಟ್ಟಿನೇ ಇಲ್ಲ, ನಿಮ್ಮ ಹಾಸಿಗೆ ವಿಷಯಕ್ಕೂ ನಿಮ್ಮ ಪಿನ್‌ಕೋಡ್‌ಗೂ ಒಂದೇ ತಕ್ಕಡಿ. ಇದು ಹಿಂದಕ್ಕೆ ಹೋಗಿದ್ದು ಅಂತ ನನ್ನ ಅಭಿಪ್ರಾಯ. ತಗೊಂಡ್ರೆ ಬೇರೆ ಇಮೇಲ್ ಮಾಡಿ, ಲೊಕೇಶನ್, ಮೈಕ್ ಪರ್ಮಿಶನ್ ಕೊಡಬೇಡಿ, ಆಪ್ ಇಲ್ದೆ ಬಟನ್‌ನಿಂದಲೂ ಆಫ್ ಆಗುತ್ತಾ ಅಂತ ನೋಡಿ ತಗೊಳ್ಳಿ.

ಪ್ರ: ಸೆಕ್ಸ್ ಡಾಲ್, ರೋಬೋಟ್ ಬಂದ್ರೆ ಅತ್ಯಾಚಾರ ಕಮ್ಮಿ ಆಗುತ್ತೆ ಅಂತಾರಲ್ಲ?

ಮಾರೋರು ಅಂತಾರೆ. 2018ರಲ್ಲಿ ಬ್ರಿಟನ್ನಿನ ಇಬ್ಬರು ವೈದ್ಯೆಯರು ಆರೋಗ್ಯದ ಹೆಸರಲ್ಲಿ ಮಾಡೋ ಈ ತರದ ವಾದಗಳನ್ನೆಲ್ಲ ಹುಡುಕಿ ನೋಡಿ, ಇವಕ್ಕೆ ಪುರಾವೆನೇ ಇಲ್ಲ ಅಂತ ಬರೆದ್ರು. ಆ ಕಡೆ 2015ರಲ್ಲಿ ಕ್ಯಾಥ್ಲೀನ್ ರಿಚರ್ಡ್‌ಸನ್ ಅನ್ನೋ ಪ್ರಾಧ್ಯಾಪಕಿ ಇಂಥ ರೋಬೋಟ್‌ಗಳ ವಿರುದ್ಧ ಕ್ಯಾಂಪೇನ್ ಶುರು ಮಾಡಿದ್ರು, ಹೆಣ್ಣನ್ನ ಕೊಳ್ಳೋ ವಸ್ತು ಅನ್ನೋ ಬುದ್ಧಿಗೆ ಇದು ಇನ್ನೂ ನೀರೆರೆಯುತ್ತೆ ಅಂತ. ನಾನು ಪೂರ್ತಿ ಅವರ ಕಡೆನೂ ಅಲ್ಲ. ಹೆಂಡತಿ ತೀರಿಕೊಂಡು ಒಬ್ಬನೇ ಇರೋ ಮನುಷ್ಯ, ಅಂಗವೈಕಲ್ಯದಿಂದ ಸಂಗಾತಿ ಸಿಗದೇ ಇರೋರು, ಅವರು ಬಾಗಿಲು ಹಾಕ್ಕೊಂಡು ಏನು ಇಟ್ಕೊಂಡ್ರೆ ನಂಗೇನು. ನಂಗೆ ಕಸಿವಿಸಿ ಆಗೋದು ಡಿಸೈನ್ ನೋಡಿ. ಅಮೆರಿಕದ ಒಂದು ಕಂಪನಿ ರೋಬೋಟ್‌ಗೆ ಬೇರೆ ಬೇರೆ 'ಸ್ವಭಾವ' ಸೆಟ್ ಮಾಡೋ ಆಪ್ಷನ್ ಇತ್ತು, ಅದರಲ್ಲಿ ಒಂದು ಮುಟ್ಟಿದ್ರೆ ಇಷ್ಟ ಇಲ್ಲ ಅನ್ನೋ ಹೆಣ್ಣಿನ ಸ್ವಭಾವ. ಬೇಡ ಅನ್ನೋದನ್ನ ಒಂದು ಫೀಚರ್ ಮಾಡಿ, ಅದನ್ನ ಮೀರೋದನ್ನ ಆಟ ಮಾಡಿ ಮಾರಿದ್ರೆ ಅದು ಖಾಸಗಿ ವಿಷಯ ಅಂತ ಸುಮ್ನಿರೋಕೆ ನನ್ನಿಂದಾಗಲ್ಲ. ಹಾಗೇ, ನಿಜವಾದ ಒಬ್ಬ ಹುಡುಗಿ ಫೋಟೋ ಕೊಟ್ಟು ಅವಳದೇ ಮುಖದ ಡಾಲ್ ಮಾಡಿಸೋದು. ಅವಳನ್ನ ಕೇಳಿದ್ರಾ?

ಪ್ರ: ಮಕ್ಕಳ ತರ ಇರೋ ಡಾಲ್? ಅದೂ ಬರೀ ಗೊಂಬೆ ತಾನೆ?

ಇಲ್ಲ. ಇದರಲ್ಲಿ ಎರಡು ಕಡೆ ವಾದ ಅಂತ ಇಟ್ಕೊಂಡು ಕೂರೋ ಹಾಗಿಲ್ಲ. ಜರ್ಮನಿ 2021ರಲ್ಲಿ ಇವನ್ನ ಮಾರೋದಷ್ಟೇ ಅಲ್ಲ, ಇಟ್ಕೊಳ್ಳೋದನ್ನೂ ಅಪರಾಧ ಮಾಡ್ತು. 2025ರ ನವೆಂಬರ್‌ನಲ್ಲಿ ಫ್ರಾನ್ಸಿನ ಗ್ರಾಹಕ ಇಲಾಖೆಯೋರು ಶೀನ್ ವೆಬ್‌ಸೈಟಲ್ಲಿ ಇಂಥವು ಮಾರಾಟಕ್ಕಿರೋದನ್ನ ಹಿಡಿದ್ರು, ಕಂಪನಿ ಎಲ್ಲಾ ಸೆಕ್ಸ್ ಡಾಲ್‌ಗಳನ್ನೇ ತೆಗೆದುಹಾಕ್ತು. ಬಟ್ಟೆ, ಬ್ಯಾಗು ಮಾರೋ ಸೈಟು ಸ್ವಾಮಿ ಅದು. ನಮ್ಮ ಪೋಕ್ಸೋ ಕಾಯ್ದೆಗೆ 2019ರಲ್ಲಿ ಮಾಡಿದ ತಿದ್ದುಪಡಿಯಲ್ಲಿ ಕಂಪ್ಯೂಟರಲ್ಲಿ ಮಾಡಿದ ಮಕ್ಕಳ ಚಿತ್ರವೂ ಬರುತ್ತೆ, ಗೊಂಬೆ ಅಂತ ಹೆಸರಿಟ್ಟು ಹೇಳಿಲ್ಲ, ಹೇಳ್ಬೇಕಿತ್ತು. ಎಲ್ಲಾದ್ರೂ ಕಣ್ಣಿಗೆ ಬಿದ್ರೆ ಸ್ಕ್ರೀನ್‌ಶಾಟ್ ಹಂಚಬೇಡಿ, ಲಿಂಕ್ ಸಮೇತ ಪೊಲೀಸ್‌ಗೆ, ಸೈಟಲ್ಲಿ ದೂರು ಕೇಳೋಕೆ ಇರೋ ಗ್ರೀವೆನ್ಸ್ ಆಫೀಸರ್‌ಗೆ ತಿಳಿಸಿ.

ಪ್ರ: ಎಐ ಗರ್ಲ್‌ಫ್ರೆಂಡ್ ಆಪ್ ಸೇಫ್ ಅಲ್ವಾ, ಮುಟ್ಟೋಕೆ ಏನೂ ಇಲ್ಲ?

ಮೈಗೆ ಸೇಫು. ರೆಪ್ಲಿಕಾ ಅನ್ನೋ ಇಂಥದ್ದೇ ಒಂದು ಎಐ ಆಪ್ ಕಥೆ ಕೇಳಿ. ದುಡ್ಡು ಕಟ್ಟಿದೋರಿಗೆ ಕಾಮದ ಮಾತುಕತೆ ಕೊಡ್ತಿತ್ತು, 2023ರ ಫೆಬ್ರವರಿಯಲ್ಲಿ ಇಟಲಿಯ ಡೇಟಾ ಪ್ರಾಧಿಕಾರ ಮಕ್ಕಳ ರಕ್ಷಣೆ ಇಲ್ಲ ಅಂತ ತಡೆ ಹಾಕ್ತು, ಅದೇ ಸಮಯಕ್ಕೆ ಕಂಪನಿ ಆ ಫೀಚರನ್ನ ಏಕಾಏಕಿ ಕಿತ್ತುಹಾಕ್ತು. ತಿಂಗಳುಗಟ್ಟಲೆ ಮಾತಾಡಿ ಹಚ್ಚಿಕೊಂಡಿದ್ದೋರು ಸಂಗಾತಿ ಸತ್ತ ಹಾಗೆ ಅತ್ರು, ಆಮೇಲೆ ಹಳೇ ಗಿರಾಕಿಗಳಿಗೆ ವಾಪಸ್ ಕೊಟ್ರು. ನಿಮ್ಮ ಒಂಟಿತನಕ್ಕೆ ತಿಂಗಳ ಬಾಡಿಗೆ ಫಿಕ್ಸ್ ಮಾಡೋ ಕಂಪನಿ ಬಾಗಿಲು ಯಾವಾಗ ಬೇಕಾದ್ರೂ ಹಾಕಬಹುದು. ನೀವು ಬರೆದ ಒಂದೊಂದು ಸಾಲೂ ಅವರ ಹತ್ರ ಇದೆ.

ಪ್ರ: ಮದುವೆ ಆದೋಳು ಗಂಡನಿಗೆ ಹೇಳದೆ ಇಂಥದ್ದು ಇಟ್ಕೊಂಡ್ರೆ ಅದು ದ್ರೋಹ ಅಲ್ವಾ?

ಗಂಡ ಹೆಂಡತಿಗೆ ಹೇಳದೆ ಮೊಬೈಲಲ್ಲಿ ಏನೇನು ನೋಡ್ತಾನೋ ಅದರ ಬಗ್ಗೆ ಯಾರೂ ಕೇಳಲ್ಲ ನೋಡಿ. 2025ರ ಮಾರ್ಚ್‌ನಲ್ಲಿ ಮದ್ರಾಸ್ ಹೈಕೋರ್ಟಿನ ಮದುರೈ ಪೀಠದ ಮುಂದೆ ಡೈವೋರ್ಸ್ ಕೇಸ್ ಬಂದಿತ್ತು, ಹೆಂಡತಿ ಹಸ್ತಮೈಥುನ ಮಾಡ್ಕೊಳ್ತಾಳೆ ಅನ್ನೋದು ಗಂಡನ ದೂರುಗಳಲ್ಲಿ ಒಂದು, ಅದು ಕ್ರೌರ್ಯ ಅಲ್ಲ, ಮದುವೆ ಆದ ಮಾತ್ರಕ್ಕೆ ಹೆಣ್ಣು ತನ್ನ ಮೈ ಮೇಲಿನ ಹಕ್ಕು ಬಿಟ್ಟುಕೊಟ್ಟ ಹಾಗಲ್ಲ ಅಂತ ಕೋರ್ಟ್ ಹೇಳ್ತು. ಈ ತಾರತಮ್ಯ ನಮ್ಮದೇ ಅಲ್ಲ ಬಿಡಿ. 2019ರಲ್ಲಿ ಅಮೆರಿಕದ ಸಿಇಎಸ್ ಎಲೆಕ್ಟ್ರಾನಿಕ್ಸ್ ಮೇಳದಲ್ಲಿ ಲೋರಾ ಡಿಕಾರ್ಲೊ ಅನ್ನೋ ಕಂಪನಿಯ ಹೆಂಗಸರ ಸಾಧನಕ್ಕೆ ಪ್ರಶಸ್ತಿ ಕೊಟ್ಟು, ಅಸಭ್ಯ ಅಂತ ವಾಪಸ್ ಕಿತ್ಕೊಂಡ್ರು, ಹಿಂದಿನ ವರ್ಷ ಅದೇ ಮೇಳದಲ್ಲಿ ಗಂಡಸರಿಗೋಸ್ಕರ ಮಾಡಿದ ರೋಬೋಟ್ ಡಾಲ್ ಪ್ರದರ್ಶನಕ್ಕಿತ್ತು. ಜನ ಉಗಿದ ಮೇಲೆ ಮೇ ತಿಂಗಳಲ್ಲಿ ಪ್ರಶಸ್ತಿ ವಾಪಸ್ ಕೊಟ್ರು.

ಹೇಳ್ಬೇಕಾ ಬಿಡ್ಬೇಕಾ ಅನ್ನೋದು ನಿಮ್ಮಿಬ್ರ ಸಂಸಾರದ ವಿಷಯ.

ಪ್ರ: ನಾನೇ ತಂದಿದೀನಿ, ಹೆಂಡತಿ ಬೇಡ ಅಂತಾಳೆ. ಹೇಗೆ ಒಪ್ಪಿಸೋದು?

ಬೇಡ ಅಂದ್ಲಲ್ಲ, ಮುಗೀತು. ಒಪ್ಪಿಸೋದು ಅಂದ್ರೆ ದಿನಾ ರಾತ್ರಿ ಅದೇ ರಾಗ ಹಾಡೋದಾ? ಅತ್ಯಾಚಾರದ ಕಾನೂನಿಗೆ 2013ರಲ್ಲಿ ತಿದ್ದುಪಡಿ ಆದ ಮೇಲೆ ಒಪ್ಪಿಗೆ ಇಲ್ದೆ ಯಾವುದೇ ವಸ್ತುವನ್ನ ಹೆಣ್ಣಿನ ಮೈಯೊಳಗೆ ಹಾಕೋದು ಕಾನೂನಿನ ಪ್ರಕಾರ ಅತ್ಯಾಚಾರ. ಗಂಡನಿಗೆ ಅದರಲ್ಲಿ ವಿನಾಯಿತಿ ಇನ್ನೂ ಉಳಿಸಿಟ್ಟಿದಾರೆ, ಅದೊಂದು ನಾಚಿಕೆಗೇಡು. 2022ರ ಮಾರ್ಚ್‌ನಲ್ಲಿ ನಮ್ಮ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ಗಂಡ ಮಾಡಿದ್ರೂ ಅತ್ಯಾಚಾರ ಅತ್ಯಾಚಾರವೇ ಅಂತ ಹೇಳಿ ಒಬ್ಬ ಗಂಡನ ಮೇಲಿನ ಆರೋಪ ಕೈಬಿಡೋಕೆ ಒಪ್ಪಲಿಲ್ಲ, ಆಮೇಲೆ ಅದಕ್ಕೆ ಸುಪ್ರೀಂ ಕೋರ್ಟಲ್ಲಿ ತಡೆ ಬಿತ್ತು. ಆದ್ರೆ ಕೌಟುಂಬಿಕ ಹಿಂಸೆ ತಡೆ ಕಾಯ್ದೆ 2005ರಲ್ಲಿ ಲೈಂಗಿಕ ಹಿಂಸೆಯೂ ಇದೆ, ಅಲ್ಲಿ ಗಂಡನಿಗೆ ವಿನಾಯಿತಿ ಇಲ್ಲ. ಇದನ್ನ ಓದ್ತಿರೋ ಹೆಣ್ಮಕ್ಕಳಿಗೆ, ಮಹಿಳಾ ಸಹಾಯವಾಣಿ 181.

ಪ್ರ: ಸರ್ಕಾರವೇ ಇಂಥದ್ದು ಮಾರಿತ್ತು ಅನ್ನೋದು ನಿಜನಾ?

ನಿಜ. ಹಿಂದೂಸ್ತಾನ್ ಲ್ಯಾಟೆಕ್ಸ್, ಈಗಿನ ಎಚ್‌ಎಲ್‌ಎಲ್ ಲೈಫ್‌ಕೇರ್, ಕೇಂದ್ರ ಸರ್ಕಾರದ ಕಂಪನಿ, ನಮ್ಮ ಬೆಳಗಾವಿ ಜಿಲ್ಲೆ ಕಣಗಲಾದಲ್ಲೂ ಫ್ಯಾಕ್ಟರಿ ಇದೆ. ಅವರು ಕ್ರೆಸೆಂಡೊ ಅನ್ನೋ ಕಾಂಡೋಮ್ ಪ್ಯಾಕಲ್ಲಿ ಬ್ಯಾಟರಿಯ ಸಣ್ಣ ಕಂಪಿಸೋ ರಿಂಗ್ ಇಟ್ರು. 2007ರಲ್ಲಿ ಮಧ್ಯಪ್ರದೇಶದ ಸಚಿವರೊಬ್ಬರು ಇದು ಕಾಂಡೋಮ್ ಅಲ್ಲ, ಸೆಕ್ಸ್ ಟಾಯ್ ಅಂತ ಗಲಾಟೆ ಎಬ್ಬಿಸಿದ್ರು. ಕಂಪನಿ ಲೆಕ್ಕಾಚಾರ ಬೇರೆ ಇತ್ತು, ಕಾಂಡೋಮ್ ಅಂದ್ರೆ ಮಜಾ ಇಲ್ಲ ಅಂತ ಬಿಡೋ ಗಂಡಸರು ಹೀಗಾದ್ರೂ ಬಳಸಲಿ ಅಂತ. ನಂಗೆ ಇದರಲ್ಲಿ ತಪ್ಪು ಕಾಣಲ್ಲ. ಹೆಸರು ವಿಳಾಸ ಇರೋ ಕಂಪನಿ, ಮೇಲೆ ಏನಿದೆಯೋ ಒಳಗೂ ಅದೇ, ಮೆಡಿಕಲ್ ಶಾಪಲ್ಲಿ ಬಿಲ್ ಸಿಗೋ ಮಾಲು. ಎಲ್ಲಾ ಈ ತರ ಇದ್ದಿದ್ರೆ ಇಷ್ಟುದ್ದ ಬರೆಯೋ ಕೆಲಸ ಇರ್ತಿರ್ಲಿಲ್ಲ.

ಪ್ರ: ಪಿಜಿಲಿ ಇದೀನಿ, ಓನರ್ ಆಂಟಿ ಪಾರ್ಸೆಲ್ ತೆಗೆದು ನೋಡ್ತಾರೆ.

ಅದು ಆಂಟಿ ತಪ್ಪು, ನಿಮ್ದಲ್ಲ. ಕೊರಿಯರ್ ಆಫೀಸ್‌ಗೇ ಹೋಗಿ ತಗೊಳ್ಳಿ.

ಪ್ರ: ದುಡ್ಡು ಕಟ್ಟಿದೆ, ಮಾಲು ಬರ್ಲಿಲ್ಲ. ಕೇಳಿದ್ರೆ ನಿಮ್ಮ ಮನೆಯೋರಿಗೆ ಹೇಳ್ತೀವಿ ಅಂತಾರೆ.

ಇದು ಬ್ಲ್ಯಾಕ್‌ಮೇಲ್, ಇದಕ್ಕೆ ಇನ್ನೊಂದು ರೂಪಾಯಿ ಕಟ್ಟಬೇಡಿ, ಒಂದು ಸಲ ಕಟ್ಟಿದ್ರೆ ಬಿಡೋ ಜನ ಅಲ್ಲ ಅವರು. ಚಾಟ್, ಯುಪಿಐ ರಸೀದಿ ಇಟ್ಕೊಂಡು ಸೈಬರ್ ಕ್ರೈಂ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಆದಷ್ಟು ಬೇಗ ಮಾಡಿದ್ರೆ ದುಡ್ಡು ಬ್ಯಾಂಕಲ್ಲೇ ತಡೆಯೋ ಚಾನ್ಸ್ ಇದೆ. ಏನು ಆರ್ಡರ್ ಮಾಡಿದ್ರಿ ಅಂತ ಕೇಳಿದ್ರೆ 'ಆನ್‌ಲೈನ್ ಸಾಮಾನು' ಅಂದ್ರೆ ಶುರುವಿಗೆ ಸಾಕು, ಮುಂದೆ ಕೇಳಿದ್ರೆ ನಿಜ ಹೇಳಿ, ಕೊಂಡ್ಕೊಂಡಿದ್ದಕ್ಕೆ ನಿಮ್ಮನ್ನ ಯಾರೂ ಒಳಗೆ ಹಾಕಲ್ಲ, ಮೇಲೆ ಹೇಳಿದ ಅಶ್ಲೀಲತೆ ಕಾನೂನು 294 ಇರೋದು ಮಾರೋರಿಗೆ. ಬರೀ ಕಳಪೆ ಮಾಲು ಬಂದಿದ್ರೆ ಗ್ರಾಹಕ ಸಹಾಯವಾಣಿ 1915. ಇನ್ನು ಮುಂದೆ ತಗೊಳ್ಳೋ ಮೊದಲು ಸೈಟಲ್ಲಿ ಮಾರೋರ ಹೆಸರು, ವಿಳಾಸ, ಯಾವ ದೇಶದ ಮಾಲು, ಗ್ರೀವೆನ್ಸ್ ಆಫೀಸರ್ ಯಾರು ಅಂತ ಇದೆಯಾ ನೋಡಿ, 2020ರ ಇ-ಕಾಮರ್ಸ್ ರೂಲ್ಸ್ ಪ್ರಕಾರ ಇರಲೇಬೇಕು.

ಪ್ರ: ಹಳೇದನ್ನ ಎಲ್ಲಿ ಬಿಸಾಕೋದು?

ಇದನ್ನ ಕೇಳೋರು ಕಮ್ಮಿ, ಕೇಳಿದ್ದಕ್ಕೆ ಥ್ಯಾಂಕ್ಸ್. ಬೆಂಗಳೂರಲ್ಲಿ ನಮ್ಮ ಒಣ ಕಸವನ್ನ ಕೈಯಲ್ಲಿ ವಿಂಗಡಿಸೋರಲ್ಲಿ ಹೆಚ್ಚಿನೋರು ಹೆಂಗಸರು. ತೊಳೆದು ಒಣಗಿಸಿ, ಬ್ಯಾಟರಿ ಬಿಚ್ಚೋಕೆ ಬಂದ್ರೆ ಬಿಚ್ಚಿ ಇ-ವೇಸ್ಟ್ ತಗೊಳ್ಳೋ ಕಡೆ ಕೊಡಿ, ಚಾರ್ಜ್ ಮಾಡೋ ತರದ್ದಾದ್ರೆ ಒಡೆಯೋಕೆ ಹೋಗಬೇಡಿ, ಲಿಥಿಯಂ ಬ್ಯಾಟರಿ ಕಸದ ಗಾಡೀಲಿ ಅದುಮಿದಾಗ ಬೆಂಕಿ ಹತ್ತುತ್ತೆ, ಹಾಗೇ ಇಡೀದನ್ನೇ ಇ-ವೇಸ್ಟ್‌ಗೆ ಹಾಕಿ. ಕಾಂಡೋಮ್ ಪೇಪರಲ್ಲಿ ಸುತ್ತಿ ಪ್ಯಾಡ್ ಹಾಕೋ ಸ್ಯಾನಿಟರಿ ಕಸಕ್ಕೆ. ಟಾಯ್ಲೆಟ್‌ಗೆ ಹಾಕಿ ಫ್ಲಶ್ ಮಾಡಬೇಡಿ, ಕಟ್ಟಿಕೊಂಡಾಗ ಅದನ್ನ ತೆಗೆಯೋಕೆ ಬರೋದು ಇನ್ನೊಬ್ಬ ಮನುಷ್ಯ.